ಎತ್ತರದ ರಾಯರು

ಗೋವಾದ ಫೋಂಡಾದಲ್ಲಿ, ತಿಸ್ಕ್ ಹತ್ತಿರ, ನಮ್ಮ ಕಟ್ಟಡದ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಜುಲೈ ಬಂತೆಂದರೆ ಡೇರೆಯೊಂದು ಏಳುತ್ತದೆ. ಸೋರುತ್ತದೋ ಇಲ್ಲವೋ ಎಂದು ರಾಯರ ಪರೀಕ್ಷೆ. ಇಲ್ಲಿಯ ಮಳೆಗೆ ಹೆಂಚಿನ ಮನೆಗಳೇ ಸೋರುತ್ತವೆ, ಡೇರೆಯ ಪಾಡೇನು? ಹೀಗಾಗಿ ಮರುವರ್ಷ ಹೊಸದು ಬರುತ್ತದೆ. ಹಳೆಯದನ್ನು ರಾಯರ ಹೆಂಡತಿ, ನಮ್ಮ ವೈನಿ, ಸ್ಕೂಟರಿಗೆ ಹೊದಿಸುತ್ತಾರೆ.

ಧಾರವಾಡದ ಕಡೆಯಿಂದ ನೌಕರಿಗೆಂದು ಬಂದು ಇಲ್ಲೇ ನಿಂತ ಜೋಡಿ ಇದು. ಇಂಥವರು ಈಗ ಎಲ್ಲ ಊರಲ್ಲೂ ಇದ್ದಾರೆ: ಗಂಡ ಗುಡ್ಡಗಳ ಎತ್ತರ ಹೇಳುತ್ತಾನೆ, ಹೆಂಡತಿ ಬುತ್ತಿ ಕಟ್ಟುತ್ತಾಳೆ. ನಮ್ಮ ರಾಯರಿಗೆ ಮಾತ್ರ ಇನ್ನೊಂದು ವಿಶೇಷ. ಅವರು ಹತ್ತಿ ನಿಂತ ಗುಡ್ಡದ ಮೇಲೆ ಎಂದೂ ಇರುವುದಿಲ್ಲ.

ಒಮ್ಮೆ ನನ್ನನ್ನೂ ಬೋರಿಯ ಸಿದ್ಧನಾಥ ಗುಡ್ಡಕ್ಕೆ ಎಳೆದುಕೊಂಡು ಹೋದರು. ಕದಂಬ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರು. ರಾಯರ ಬೆನ್ನಿಗೆ ಮಾತ್ರ ವಾರದ ಸಾಮಾನು. ಎರಡು ಕೈಗೆ ಎರಡು ಕೋಲು, ಹೆಗಲ ಮೇಲಿಂದ ಬಾಯಿಗೆ ನೀರಿನ ನಳಿಗೆ, ಸೀಟಿ, ದಿಕ್ಸೂಚಿ. ಮೇಲೆ ದೇವಸ್ಥಾನ, ಕೆಳಗೆ ಜುವಾರಿ ನದಿ ಅಗಲವಾಗಿ ಹೊಳೆಯುತ್ತಿದೆ. ರಾಯರು ನೋಡುತ್ತಿದ್ದದ್ದು ಕೈಗಡಿಯಾರವನ್ನು. ಅದೊಂದು ಎತ್ತರ ತೋರಿಸುತ್ತಿತ್ತು, ಫೋನ್ ಇನ್ನೊಂದು.

“ಯಾವುದು ಖರೇ?” ಎಂದೆ.

“ಎರಡೂ ಕೂಡಿಸಿಬಿಡ್ರಿ,” ಎಂದರು ವೈನಿ ಬುತ್ತಿ ಬಿಚ್ಚುತ್ತ. “ಸೋನ್ಸೊಗೋರಿಗೆ ಹೋಗೂದು ತಪ್ತದ.”

ಸೋನ್ಸೊಗೋರ್ ಗೋವಾದ ಅತಿ ಎತ್ತರದ ಶಿಖರ. ಸತ್ತರಿ ತಾಲ್ಲೂಕಿನಲ್ಲಿದೆ. ರಾಯರು ಸಿದ್ಧನಾಥನ ಎದುರು ನಿಂತು ಅರ್ಧ ತಾಸು ಅದನ್ನೇ ವರ್ಣಿಸಿದರು. ಅಷ್ಟರಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹೊರಬಂದವು. ವೈನಿ ಒಂದೊಂದು ರೊಟ್ಟಿಯನ್ನೂ ಹಳೆಯ ಪಂಚೆಯ ತುಂಡಿನ ನಡುವೆ ಇಟ್ಟು ಸುತ್ತಿದ್ದರು. ಬಸ್ಸಿನ ಕುಲುಕಾಟಕ್ಕೂ ಒಂದೂ ಮುರಿದಿರಲಿಲ್ಲ. ಸಾವಿರಗಟ್ಟಲೆ ಕೊಟ್ಟು ತಂದ ರಾಯರ ಚೀಲದಲ್ಲಿ ಬಾಳೆಹಣ್ಣು ಹಿಂಡಿಯಾಗಿತ್ತು.

ಮುಂದೆ ಅರಣ್ಯ ಇಲಾಖೆಯ ಪರವಾನಗಿ ಪಡೆದು ಸೋನ್ಸೊಗೋರ್ ಹತ್ತಿದ್ದೂ ಆಯಿತು. ಅಲ್ಲಿ ನಿಂತು ಕುಮಾರ ಪರ್ವತದ ಮಾತು: “ಅದು 1,712! ಇದು ಯಾವ ಲೆಕ್ಕ?” ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದಾಗ ಮುಳ್ಳಯ್ಯನಗಿರಿಯ ಜಪ. ವೈನಿಗೆ ಈ ಅಂಕಿ ಒಂದೂ ನೆನಪಿಲ್ಲ. ಎಲ್ಲಿ ಉಂಬಳ ಹತ್ತಿತು, ಎಲ್ಲಿ ಚಟ್ನಿಗೆ ಉಪ್ಪು ಕಡಿಮೆಯಾಯಿತು, ಎಲ್ಲಿ ರಾಯರು ಉಸಿರಿಗಾಗಿ ನಿಂತು “ನಿಸರ್ಗ ನೋಡ್ಲಿಕ್ಹತ್ತೀನಿ” ಎಂದರು, ಅದೆಲ್ಲ ಬಾಯಿಪಾಠ.

ಮುಳ್ಳಯ್ಯನಗಿರಿಯ ಕತೆಯೇ ಕತೆ. ಕರ್ನಾಟಕದ ಅತಿ ಎತ್ತರ, 1,930 ಮೀಟರ್. ಆದರೆ ರಸ್ತೆ ಮೇಲಿನ ಮೆಟ್ಟಿಲವರೆಗೂ ಬರುತ್ತದೆ. ಇದು ರಾಯರಿಗೆ ಅವಮಾನ. ಗಿರಿಯ ಮೇಲೆ ಡೇರೆ ಹಾಕಲು ಬಿಡುವುದಿಲ್ಲವೆಂದು ಗೊತ್ತಾದದ್ದು ಎರಡನೆಯ ಅವಮಾನ. ಕೊನೆಗೆ ಹೋಮ್‌ಸ್ಟೇನಲ್ಲಿ ರೂಮಿಗೆ ಪೂರ್ತಿ ಬಾಡಿಗೆ ಕೊಟ್ಟು ಅಂಗಳದಲ್ಲಿ ಡೇರೆ ಹೊಡೆದು ಮಲಗಿದರು. ರೂಮಿನ ಮಂಚದ ಮೇಲೆ ವೈನಿ ಒಬ್ಬರೇ ಸುಖವಾಗಿ ನಿದ್ದೆ ಮಾಡಿದರು.

ಬೆಳಿಗ್ಗೆ ರಾಯರು ಸರ್ಪದಾರಿ ಹಿಡಿದು ನಡೆದರು, ವೈನಿ ಕಾರು ಹಿಡಿದರು. ರಾಯರು ಏದುಸಿರು ಬಿಡುತ್ತ ಮೇಲೆ ಮುಟ್ಟಿದಾಗ ವೈನಿ ದೇವರ ದರ್ಶನ ಮುಗಿಸಿ, ಹಾಸನದ ಸಂಸಾರವೊಂದರ ಜೊತೆ ಮೊಮ್ಮಕ್ಕಳ ವಿಚಾರ ಮಾತಾಡುತ್ತ ಕೂತಿದ್ದರು. ಆ ಮನೆಯವರು ಫೋನನ್ನು ರಾಯರ ಕೈಗೇ ಕೊಟ್ಟರು: “ಸಾರ್, ಮೇಡಂ ಜೊತೆ ನಮ್ದೊಂದು ಫೋಟೋ ತೆಗೀತೀರಾ?”

ಫೋಟೋ ತೆಗೆದು ರಾಯರು ಗಂಟಲು ಸರಿಮಾಡಿಕೊಂಡರು. ಉತ್ತರಾಖಂಡದ ಕೇದಾರಕಂಠ ಹನ್ನೆರಡೂವರೆ ಸಾವಿರ ಎಂದರು. ಇಷ್ಟು ದಿನದ ಮೀಟರು ಬಿಟ್ಟು ಒಮ್ಮೆಲೇ ಅಡಿಗೆ ಇಳಿದದ್ದನ್ನು ಯಾರೂ ಗಮನಿಸಲಿಲ್ಲವೆಂದು ಅವರ ಎಣಿಕೆ.

“ಆಗ್ಲಿ, ಹೋಗೂಣಂತ,” ಎಂದರು ವೈನಿ. “ಅಲ್ಲೂ ಕಾರು ಬರ್ತದೇನು, ಮೊದಲ ಕೇಳಿ ಇಡ್ರಿ.”