ಮಹಾಗಣಕ-ತಂತ್ರಾಂಶ-ಅಪಾಯ-ಮೀಮಾಂಸೆ: ಪ್ರಥಮಾಧ್ಯಾಯ

ಸೂಪರ್‌ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವಾಗ ಒದಗುವ ಅಪಾಯಗಳು ಐದು ಬಗೆ: ತಾಂತ್ರಿಕ, ಆಡಳಿತಾತ್ಮಕ, ಆರ್ಥಿಕ, ಮಾನವಸಂಪನ್ಮೂಲಾತ್ಮಕ, ಇತರೆ. ಪ್ರತಿಯೊಂದೂ ಸಂಭಾವ್ಯತೆಯಿಂದ ಐದಾಗಿ, ಪರಿಣಾಮದಿಂದ ಮತ್ತೆ ಐದಾಗಿ ಕವಲೊಡೆದು ಒಟ್ಟು ನೂರಿಪ್ಪತ್ತೈದಾಗುತ್ತವೆ. ಇವನ್ನು ಕೆಂಪು, ಹಳದಿ, ಹಸಿರು ಚೌಕಗಳಲ್ಲಿ ತುಂಬಿದ್ದೇ ರಿಸ್ಕ್ ರಿಜಿಸ್ಟರ್. ಅದರಲ್ಲಿ ಬರೆದ ಅಪಾಯ ನಿರ್ವಹಿತ. ಬರೆಯದ ಅಪಾಯ ಅಸತ್. ಕೆಂಪು ಚೌಕ ಹಳದಿಯಾಗುವ ಕ್ರಿಯೆಗೆ ‘ಉಪಶಮನ’ವೆಂದು ಹೆಸರು. ಪರಿಶೀಲನಾ ಸಭೆಯ ಹಿಂದಿನ ಸಂಜೆ ಇದು ಪ್ರಕಟವಾಗುತ್ತದೆ.

ತಾಂತ್ರಿಕಕ್ಕೆ ನಿದರ್ಶನ: 2021ರ ಡಿಸೆಂಬರ್, ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯ. ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಮೇಲೆ ಹೊಸ ಆವೃತ್ತಿ ಬಿತ್ತು. ಯಂತ್ರ ನಡುವಿನಿಂದ ಹೊಸದನ್ನು ಓದತೊಡಗಿತು. ಹಾಗಾಗಿ ಯಾವ ಜಾಗದಲ್ಲಿ ಅಳಿಸಬೇಕೆಂದು ಹೇಳುವ ಚರ ಖಾಲಿ ಇತ್ತು. ಹಳೆಯ ಲಾಗ್‌ಗಳನ್ನು ಗುಡಿಸಲು ಹೊರಟದ್ದು ಸಂಶೋಧಕರ ಸುಮಾರು 77 ಟೆರಾಬೈಟ್, 3 ಕೋಟಿ 40 ಲಕ್ಷ ಫೈಲುಗಳನ್ನು ಗುಡಿಸಿಬಿಟ್ಟಿತು. 14 ಸಂಶೋಧನಾ ತಂಡಗಳಿಗೆ ಪೆಟ್ಟು. ನಾಲ್ಕಕ್ಕೆ ಬ್ಯಾಕಪ್‌ನಿಂದಲೂ ಏನೂ ಮರಳಲಿಲ್ಲ. ಇದು ತಾಂತ್ರಿಕವೋ ಮಾನವಸಂಪನ್ಮೂಲಾತ್ಮಕವೋ ಎಂಬಲ್ಲಿ ಆಚಾರ್ಯರಿಗೆ ಮತಭೇದವಿದೆ. ಬೇಲಿಯೇ ಹೊಲ ಮೇಯ್ದದ್ದರಿಂದ ಪ್ರಕೃತ ಗ್ರಂಥಕಾರನು ಇದನ್ನು ‘ಇತರೆ’ಯಲ್ಲಿ ಇಟ್ಟಿದ್ದಾನೆ.

ಇನ್ನು ದಶಮಾಂಶ. ಅದನ್ನು ಕೂಡಿಸುವಾಗ ಕಂಪ್ಯೂಟರು ಹೆಜ್ಜೆಹೆಜ್ಜೆಗೂ ಹಿಡಿಸದ ಅಂಕಿಗಳನ್ನು ಕತ್ತರಿಸುತ್ತದೆ. ಆದ್ದರಿಂದ ಸಾವಿರಾರು ಪ್ರೊಸೆಸರ್‌ಗಳು ಕೂಡಿಸುವ ಕ್ರಮ ಬದಲಾದರೆ ಮೊತ್ತದ ಕೊನೆಯ ಅಂಕಿಗಳೂ ಬದಲಾಗಬಹುದು. ಇದು ದೋಷವಲ್ಲ, ಯಂತ್ರಧರ್ಮ. ಆದರೆ ನಿಜವಾದ ದೋಷವೂ ಇದೇ ವೇಷದಲ್ಲಿ ಬಂದು ಕೂರುತ್ತದೆ. ಎರಡನ್ನೂ ಬೇರ್ಪಡಿಸಲು ಆ ಕೋಡಿನೊಂದಿಗೆ ವರ್ಷಗಟ್ಟಲೆ ಬಾಳಿದ ಮನುಷ್ಯ ಬೇಕು, ಕೋಷ್ಟಕವಲ್ಲ.

ಆಡಳಿತಾತ್ಮಕ ಮತ್ತು ಆರ್ಥಿಕ ಅಪಾಯಗಳನ್ನು ವಿಸ್ತರಭಯದಿಂದ ಬಿಟ್ಟಿದೆ. ನಿಜ ಹೇಳಬೇಕೆಂದರೆ, ಬೇಸರದಿಂದ.

ಮಹಾಗಣಕದ ಕಥೆಯಲ್ಲದಿದ್ದರೂ ಹೇಳಬೇಕು: ಅಮೆರಿಕದ ಪ್ರೋಟೀನ್ ರಚನೆಯ ಪ್ರಯೋಗಾಲಯವೊಂದು ಬೇರೊಂದು ಲ್ಯಾಬಿನಿಂದ ಬಂದ ಪುಟ್ಟ ಪ್ರೋಗ್ರಾಮನ್ನು ನಂಬಿತ್ತು. ಅದು ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. 2006ರಲ್ಲಿ ಗುಟ್ಟು ಬಯಲಾಗಿ ಐದು ಪ್ರಬಂಧಗಳನ್ನು ಹಿಂತೆಗೆಯಬೇಕಾಯಿತು. ಕೈಯಿಂದ ಕೈಗೆ ದಾಟಿದ ಕೋಡು. ಬರೆದವರು ಬಳಿಯಲ್ಲಿಲ್ಲ, ಬಳಸಿದವರು ತೆರೆದು ನೋಡಲಿಲ್ಲ. ಇದಕ್ಕೆ ಯಾವ ಬಣ್ಣದ ಚೌಕ ಸ್ವಾಮಿ?

ನಾನು ಸಹಿ ಹಾಕಿದ ರಿಜಿಸ್ಟರೊಂದರಲ್ಲಿ ಭೂಕಂಪವಿತ್ತು, ಇಲಿ ಕೇಬಲ್ ಕಡಿಯುವುದಿತ್ತು. ಇಡೀ ಕೋಡನ್ನು ಬಲ್ಲ ಒಬ್ಬಳೇ ಹುಡುಗಿಯ ಗುತ್ತಿಗೆ ಮಾರ್ಚ್ 31ಕ್ಕೆ ಮುಗಿಯುತ್ತದೆಂಬುದು ಇರಲಿಲ್ಲ. ಯಂತ್ರಕ್ಕೆ ಕೋಟಿಗಟ್ಟಲೆ ಸಿಗುತ್ತದೆ, ಅದಕ್ಕೆ ಹೂಮಾಲೆಯೂ ಬೀಳುತ್ತದೆ. ಅದರಲ್ಲಿ ಓಡುವುದನ್ನು ಬರೆದವಳಿಗೆ ಹುದ್ದೆಯ ಹೆಸರೂ ಇಲ್ಲ. ಅವಳು ಹೋದಳು, ಕೋಡನ್ನು ಮುಟ್ಟಲು ಈಗ ಎಲ್ಲರಿಗೂ ಭಯ.

ರಿಜಿಸ್ಟರ್ ಕೇಳುವ ಮಹನೀಯರೇ, ಅಂಥವರಿಗೆ ಒಂದೊಂದು ಕಾಯಂ ಹುದ್ದೆ ಕೊಡಿ. ಚೌಕಗಳಿಗೆಲ್ಲ ಹಸಿರು ಬಣ್ಣ ನಾನೇ ಬಳಿದುಕೊಡುತ್ತೇನೆ.