ಕಾರ್ಬುರೇಟರ್ ಪುರಾಣ

1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿ, 1996ರಲ್ಲಿ ಆ ಕಾರ್ಖಾನೆಯೇ ಬಾಗಿಲಿಕ್ಕಿಕೊಂಡ ಮೇಲೂ ಧೂಮಪತಾಕೆಯನ್ನು ಹಾರಿಸುತ್ತ ನಮ್ಮ ಬೀದಿಗಳಲ್ಲಿ ಸಂಚರಿಸುತ್ತಿರುವ ಜಾವಾ, ಯೆಜ್ಡಿಗಳ ಒಡೆಯರಿಗೆ ಭಕ್ತಿಯೆಲ್ಲ ವಾಹನದ ಮೇಲಾದರೆ, ಭಯವೆಲ್ಲ ಅದರ ಕಾರ್ಬುರೇಟರಿನ ಮೇಲೆ.

ತತ್ತ್ವವೇನೋ ಸರಳವಾದುದೇ. ಇಕ್ಕಟ್ಟಾದ ಕಂಠದಲ್ಲಿ ಗಾಳಿಯು ವೇಗವಾಗಿ ಹರಿಯುವಾಗ ಅದರ ಒತ್ತಡವು ಕುಗ್ಗಿ, ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ಟೆಂಬ ಅತಿಸೂಕ್ಷ್ಮ ರಂಧ್ರದ ಮೂಲಕ ಮೇಲೆದ್ದು ತುಂತುರಾಗುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದಿರೋ, ಪೆಟ್ರೋಲು ಆವಿಯಾಗಿ, ಉಳಿದ ಅಂಟು ಆ ರಂಧ್ರವನ್ನು ಮುಚ್ಚುತ್ತದೆ. ಆಗ ಒಡೆಯನು ಕಿಕ್ಕರ್ ತುಳಿಯುತ್ತ ಮಾಡುವ ವ್ಯಾಯಾಮವು ಯಾವ ಗರಡಿಯಲ್ಲಿಯೂ ದೊರೆಯದು. (ಕಿಕ್ಕಿಗೂ ಗೇರಿಗೂ ಒಂದೇ ಸನ್ನೆಗೋಲನ್ನಿಟ್ಟ ಆ ಮಿತವ್ಯಯಿಗಳ ಮೇಲೆ ನನಗೆ ಅಪಾರ ಗೌರವ.) ಅಷ್ಟರಲ್ಲಿ ಪ್ರೇಕ್ಷಕವರ್ಗವೂ ನೆರೆಯುತ್ತದೆ, ಒಬ್ಬರು ಪ್ಲಗ್ಗೆನ್ನುವರು, ಇನ್ನೊಬ್ಬರು ಪಾಯಿಂಟೆನ್ನುವರು, ಜನ್ಮದಲ್ಲಿ ಸೈಕಲ್ಲನ್ನೂ ತುಳಿಯದ ನಿವೃತ್ತರೊಬ್ಬರು "ಫ್ಲೋಟ್ ತೂತಾಗಿದೆ ಸ್ವಾಮಿ" ಎಂದು ತೀರ್ಪು ಕೊಡುವರು. ಬಟ್ಟಲಿನ ಪೆಟ್ರೋಲಿನಲ್ಲಿ ತೇಲುವ ಆ ಫ್ಲೋಟನ್ನು ಬಿಚ್ಚಿ ಕಿವಿಯ ಬಳಿ ಅಲುಗಿಸಿದರೆ ಒಳಗೆ ಪೆಟ್ರೋಲು ಕುಲುಕುವುದೂ ಉಂಟು. ಅಲ್ಲಿಂದಾಚೆಗೆ ಆ ಬೀದಿಯಲ್ಲಿ ಅವರನ್ನು ಹಿಡಿಯುವವರಿಲ್ಲ.

ಮುಚ್ಚಿದ ಜೆಟ್ಟಿಗೆ ತಂತಿ ಚುಚ್ಚುವ ಉತ್ಸಾಹಿಗಳನ್ನು ಮಾತ್ರ ದೂರವಿರಿಸತಕ್ಕದ್ದು. ರಂಧ್ರವು ತುಸು ಹಿಗ್ಗಿದರೂ ಗಾಡಿಯು ಪಾನಾಸಕ್ತವಾಗುವುದು. ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿದರೆ ಸಾಮಾನ್ಯವಾಗಿ ಸಾಕು. ಆದರೆ ಮಹನೀಯರೇ, ಒಂದೇ ಒಂದು ಸ್ಕ್ರೂವನ್ನು ಸಡಿಲಿಸುವ ಮುನ್ನ, ಟ್ಯಾಂಕಿನ ಕೆಳಗಿನ ನಲ್ಲಿಯನ್ನು ತಿರುಗಿಸಿರುವಿರೋ ಇಲ್ಲವೋ ದಯಮಾಡಿ ನೋಡಿಕೊಳ್ಳಿರಿ.