ಕಪ್ ಯಾರದೋ, ಅಭಿಪ್ರಾಯ ಮಾತ್ರ ನಮ್ದೇ

ಗೆಲ್ಲುವ ತಂಡದ ಅಭಿಮಾನಿಗೆ ಕೆಲಸ ಕಡಿಮೆ. ಟಿ.ವಿ. ಹಾಕಬೇಕು, ಚಪ್ಪಾಳೆ ತಟ್ಟಬೇಕು, ಮಲಗಬೇಕು. ಸೋಲುವ ತಂಡದ ಅಭಿಮಾನಿಯ ಪಾಡು ಹಾಗಲ್ಲ. ಪಂದ್ಯ ಮುಗಿದ ಮೇಲೆಯೇ ಅವನ ಡ್ಯೂಟಿ ಶುರು. ಯಾರನ್ನು ಆಡಿಸಬಾರದಿತ್ತು, ಯಾರನ್ನು ಬೆಂಚಿನ ಮೇಲೆ ಕೂರಿಸಿ ಹಾಳು ಮಾಡಿದರು, ಯಾರನ್ನು ಮೂರು ಕಾಸಿಗೆ ಮಾರಿಕೊಂಡರು ಎಂಬುದನ್ನೆಲ್ಲ ವಿಚಾರಣೆಗೆ ಎತ್ತಿಕೊಂಡು, ತೀರ್ಪು ಕೊಟ್ಟು, ಆ ತೀರ್ಪನ್ನು ಮನೆಯವರ ಮೇಲೂ ಆಫೀಸಿನವರ ಮೇಲೂ ಜಾರಿ ಮಾಡುವಷ್ಟರಲ್ಲಿ ಮಾರನೆಯ ದಿನದ ಪಂದ್ಯ ಬಂದಿರುತ್ತದೆ. ಸಂಬಳವಿಲ್ಲದ, ರಜೆಯಿಲ್ಲದ, ನಿವೃತ್ತಿ ವಯಸ್ಸೂ ಇಲ್ಲದ ಈ ನೌಕರಿಯನ್ನು ನಾನು ಈಗ ನೆಲೆಸಿರುವ ಅಮೆರಿಕದ ಸಿಯಾಟಲಿನ ಮ್ಯಾರಿನರ್ಸ್ ಎಂಬ ಬೇಸ್‌ಬಾಲ್ ತಂಡದ ಪರವಾಗಿ ಮಾಡುತ್ತಿದ್ದೇನೆ.

ತಂಡದ ಜಾತಕ ಚಿಕ್ಕದು. ಹುಟ್ಟಿದ್ದು 1977ರಲ್ಲಿ. ಅಮೆರಿಕದ ಮೇಜರ್ ಲೀಗಿನ 30 ತಂಡಗಳ ಪೈಕಿ ವರ್ಲ್ಡ್ ಸೀರೀಸನ್ನು ಒಮ್ಮೆಯೂ ಆಡದ ತಂಡ ಇದೊಂದೇ. ಗೆಲ್ಲದ ತಂಡಗಳು ಬೇರೆಯೂ ಇವೆ. ನಾವು ಸೋಲುವುದಕ್ಕೂ ಅಲ್ಲಿಗೆ ಹೋದವರಲ್ಲ. 2001ರಲ್ಲಿ 162 ಪಂದ್ಯಗಳ ಪೈಕಿ 116 ಗೆದ್ದು, 1906ರ ಶಿಕಾಗೊ ಕಬ್ಸ್ ತಂಡದ ದಾಖಲೆ ಸರಿಗಟ್ಟಿದರು. ಜಪಾನಿನಿಂದ ಬಂದ ಇಚಿರೊ ಸುಜುಕಿ ಮೊದಲ ವರ್ಷವೇ ಶ್ರೇಷ್ಠ ಹೊಸಬ, ಶ್ರೇಷ್ಠ ಆಟಗಾರ ಎರಡೂ ಪ್ರಶಸ್ತಿ ಬಾಚಿಕೊಂಡ. ಇಷ್ಟೆಲ್ಲ ಆಗಿ ಲೀಗ್ ಫೈನಲ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಕೈಲಿ ಸೋತು ಮನೆಗೆ ಬಂದರು. ಮತ್ತೆ ಪ್ಲೇಆಫ್ ಮೆಟ್ಟಿಲು ಹತ್ತಿದ್ದು 2022ರಲ್ಲಿ. 2001ರಲ್ಲಿ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಇಲ್ಲಿನ ಕಾನೂನಿನ ಪ್ರಕಾರವೇ ಬಿಯರ್ ಕೊಂಡು ದುಃಖ ಮರೆಯುವ ವಯಸ್ಸಿಗೆ ಬಂದಿತ್ತು.

ಇಂಥ ತಂಡಕ್ಕೆ ಬೇಕಾದ ಪೂರ್ವಾನುಭವವನ್ನು ನಾನು ಊರಿನಿಂದಲೇ ತಂದಿದ್ದೆ. ‘ಈ ಸಲ ಕಪ್ ನಮ್ದೇ’ ಎಂದು ವರ್ಷಾವರ್ಷ ಕೂಗಿ ಗಂಟಲು ಪಳಗಿತ್ತು. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಬ್ಯಾಟ್ ಹಿಡಿದ ದಿನವೇ ಆರ್‌ಸಿಬಿ 49ಕ್ಕೆ ಆಲೌಟಾದದ್ದನ್ನು 2017ರಲ್ಲಿ ಎದ್ದು ಹೋಗದೆ ನೋಡಿದ್ದ ಎದೆ ಇದು. ಹಾಗಾಗಿ ‘ನೀನು ಹೊಸಬ, ಇನ್ನೂ ಕಾಲ ಮಿಂಚಿಲ್ಲ, ಬೇರೆ ತಂಡ ಹಿಡಿ’ ಎಂದು ಆಫೀಸಿನ ಹಿರಿಯರೊಬ್ಬರು ಮರುಕದಿಂದ ಹೇಳಿದಾಗ ನನಗೆ ನಗು ಬಂತು. ನಾವು ತಂಡ ಹಿಡಿಯುವವರಲ್ಲ. ಇಂಥ ತಂಡಗಳೇ ನಮ್ಮನ್ನು ಹುಡುಕಿಕೊಂಡು ಬರುತ್ತವೆ.

ಕ್ರಿಕೆಟ್ ಕಂಡವರು ಬೇಸ್‌ಬಾಲನ್ನು ಮೊದಲ ಸಲ ನೋಡಿ ಆಡುವ ಮಾತು ಒಂದೇ: ‘ಏನೂ ಆಗ್ತಾನೇ ಇಲ್ವಲ್ಲ!’ ಸ್ವಾಮಿ, ಅದೇ ಈ ಆಟದ ಹೆಚ್ಚುಗಾರಿಕೆ. ಏನೂ ಆಗದ ಆ ಹೊತ್ತನ್ನು ಅಭಿಮಾನಿಯ ಅಭಿಪ್ರಾಯಕ್ಕೆಂದೇ ಬಿಟ್ಟಿದ್ದಾರೆ. ಪಿಚರ್ ಟೋಪಿ ಸರಿಮಾಡಿಕೊಳ್ಳುತ್ತಾನೆ, ಉಗಿಯುತ್ತಾನೆ, ಕ್ಯಾಚರ್ ತೊಡೆಯ ನಡುವೆ ಬೆರಳಾಡಿಸಿ ಸನ್ನೆ ಮಾಡುತ್ತಾನೆ. ಅಷ್ಟರಲ್ಲಿ ನಾನು ಪಕ್ಕದವರಿಗೆ ಇವನನ್ನು ಇಳಿಸಿ ಎಡಗೈಯವನನ್ನು ಯಾಕೆ ತರಬೇಕು ಎಂದು ಸವಿಸ್ತಾರವಾಗಿ ಹೇಳಿ ಮುಗಿಸಿರುತ್ತೇನೆ. ಹತ್ತು ಸಲಕ್ಕೆ ಏಳು ಸಲ ವಿಫಲನಾದವನನ್ನು ಮಹಾ ಬ್ಯಾಟರ್ ಎಂದು ಹೊಗಳುವ ಆಟವಿದು. ಆ ಏಳು ಸಲವೂ ‘ನಾನು ಹೇಳ್ಲಿಲ್ವಾ?’ ಎನ್ನುವ ಸುಖ ನಮ್ಮದು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಈ ಸುಖ ಲಭ್ಯ.

ಇದಕ್ಕೂ ಕಲ್ಲು ಹಾಕಿದರು. 2023ರಿಂದ ಗಡಿಯಾರ ತಂದಿದ್ದಾರೆ. ಬೇಸ್‌ಗಳ ಮೇಲೆ ಯಾರೂ ಇಲ್ಲದಿದ್ದರೆ ಪಿಚರ್ 15 ಸೆಕೆಂಡಿನೊಳಗೆ ಚೆಂಡು ಎಸೆಯಲು ತೊಡಗಬೇಕು. ಪಂದ್ಯ ಬೇಗ ಮುಗಿಯುತ್ತದೆ, ಜನ ಬೇಗ ಮನೆ ಸೇರುತ್ತಾರೆ ಎಂದು ಎಲ್ಲರೂ ಹೊಗಳುತ್ತಾರೆ. 15 ಸೆಕೆಂಡಿನಲ್ಲಿ ಒಬ್ಬ ಕನ್ನಡಿಗ ಯಾವುದಾದರೂ ವಿಷಯದ ಮೇಲೆ ಅಭಿಪ್ರಾಯ ಹೇಳಿ ಮುಗಿಸಿದ್ದುಂಟೇ? ಪೀಠಿಕೆಗೇ ಅಷ್ಟು ಬೇಕು.

ಇನ್ನು ಮಾರಾಟದ ವಿಷಯ. ಬೇಸ್‌ಬಾಲಿನಲ್ಲಿ ಆಟಗಾರರ ಅದಲು ಬದಲು ನಡೆಯುವಾಗ ‘ನಿಮ್ಮ ಆಟಗಾರನನ್ನು ಈಗ ಕೊಡಿ, ಪ್ರತಿಯಾಗಿ ಯಾರನ್ನು ಕೊಡುತ್ತೇವೆಂದು ಆಮೇಲೆ ಹೇಳುತ್ತೇವೆ’ ಎನ್ನುವ ಏರ್ಪಾಡೊಂದಿದೆ. 1996ರಲ್ಲಿ ಸಿಯಾಟಲ್ ಹೀಗೆ ಮಿನೆಸೋಟದಿಂದ ಡೇವ್ ಹಾಲಿನ್ಸ್ ಎಂಬವನನ್ನು ತರಿಸಿಕೊಂಡಿತು. ಆಮೇಲೆ ಹೆಸರು ಹೇಳಿ ಕಳಿಸಿಕೊಟ್ಟದ್ದು ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದ ಡೊಮಿನಿಕನ್ ಹುಡುಗನೊಬ್ಬನನ್ನು. ಆ ಹುಡುಗ ಡೇವಿಡ್ ಓರ್ಟಿಜ್. ಮುಂದೆ ಬಾಸ್ಟನ್ ರೆಡ್ ಸಾಕ್ಸ್‌ಗೆ ಮೂರು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟು, 541 ಹೋಮ್ ರನ್ ಬಾರಿಸಿ, 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಮರುವರ್ಷ, 1997ರ ಜುಲೈ 31ರಂದು, ಹೀತ್‌ಕ್ಲಿಫ್ ಸ್ಲೋಕಮ್ ಎಂಬ ಒಬ್ಬ ಪಿಚರ್‌ಗಾಗಿ ಜೇಸನ್ ವಾರಿಟೆಕ್, ಡೆರೆಕ್ ಲೋ ಇಬ್ಬರನ್ನೂ ಅದೇ ಬಾಸ್ಟನ್ನಿಗೆ ಧಾರೆ ಎರೆದರು. 2004ರಲ್ಲಿ 86 ವರ್ಷಗಳ ಬರ ನೀಗಿಸಿ ರೆಡ್ ಸಾಕ್ಸ್ ಗೆದ್ದಾಗ ಮೈದಾನದಲ್ಲಿ ಕುಣಿಯುತ್ತಿದ್ದವರ ಪೈಕಿ ಈ ಮೂವರೂ ಇದ್ದರು. ವರ್ಲ್ಡ್ ಸೀರೀಸ್ ಗೆಲ್ಲುವುದು ಸಿಯಾಟಲಿಗೆ ಗೊತ್ತಿಲ್ಲ ಎನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಗೊತ್ತಿದೆ, ಆದರೆ ಬೇರೆಯವರಿಗೆ ಗೆಲ್ಲಿಸಿಕೊಡುವುದು ಗೊತ್ತಿದೆ.

2025ರಲ್ಲಿ ತಿಪಟೂರಿನಿಂದ ಬಂದ ನಮ್ಮ ಅತ್ತೆಯವರು ಮಗಳ ಮನೆಯಲ್ಲಿ ಧಾರಾವಾಹಿ ನೋಡಲು ಸಮಯ ಹೊಂದದೆ, ಬೇರೆ ದಾರಿ ಕಾಣದೆ, ನನ್ನ ಜೊತೆ ಬೇಸ್‌ಬಾಲ್ ನೋಡಲು ಕೂತರು. ನಿಯಮಗಳು ಅವರಿಗೆ ಬೇಕಿರಲಿಲ್ಲ. ಯಾರ ಮನೆಯವರು ಯಾರು, ಯಾರು ಯಾರ ಜೊತೆ ಚೆನ್ನಾಗಿದ್ದಾರೆ ಎಂಬುದಷ್ಟೇ ಸಾಕಿತ್ತು. ಕ್ಯಾಚರ್ ಕ್ಯಾಲ್ ರಾಲಿ ಅವರಿಗೆ ಒಂದೇ ವಾರದಲ್ಲಿ ‘ನಮ್ಮ ಕ್ಯಾಲು’ ಆದ. ಹೋಮ್ ರನ್ ಸ್ಪರ್ಧೆಯಲ್ಲಿ ಅವನ ಅಪ್ಪನೇ ಚೆಂಡೆಸೆದು, ತಮ್ಮನೇ ಕ್ಯಾಚರ್ ಆಗಿ ಕೂತು, ಅವನು ಗೆದ್ದದ್ದು ನೋಡಿದ ಮೇಲಂತೂ ಅತ್ತೆಯ ಲೆಕ್ಕದಲ್ಲಿ ಆ ಮನೆತನಕ್ಕೆ ಯಾರು ಬೇಕಾದರೂ ಕಣ್ಣುಮುಚ್ಚಿ ಹೆಣ್ಣು ಕೊಡಬಹುದಿತ್ತು. ಅವನ ಹಿಂಭಾಗದ ಗಾತ್ರ ನೋಡಿ ಜೊತೆಯವರು ಇಟ್ಟ ಅಡ್ಡಹೆಸರು ‘ಬಿಗ್ ಡಂಪರ್’. ಅತ್ತೆಗೆ ಅದು ಸರಿಬರಲಿಲ್ಲ. ‘ಮೈಕೈ ತುಂಬ್ಕೊಂಡಿದಾನೆ, ಅದಕ್ಕೇನು? ಉಂಡುತಿಂದ ಮಗು’ ಎಂದರು. ಉಂಡುತಿಂದ ಮಗು ಆ ವರ್ಷ 60 ಹೋಮ್ ರನ್ ಹೊಡೆದ. ಅದಕ್ಕೆ ಮುಂಚೆ ಒಂದು ಸೀಸನ್ನಿನಲ್ಲಿ ಯಾವ ಕ್ಯಾಚರೂ 48 ದಾಟಿರಲಿಲ್ಲ.

ಅತ್ತೆಯ ಅಭಿಪ್ರಾಯಗಳು ನನ್ನವಕ್ಕಿಂತ ಹರಿತವೆಂದು ತಿಳಿದದ್ದು ಯುಹೆನಿಯೊ ಸ್ವಾರೆಜ್ ಪ್ರಸಂಗದಲ್ಲಿ. ವೆನೆಜುವೆಲಾದ ಈ ನಗುಮೊಗದವನು ನಮ್ಮ ಮೂರನೇ ಬೇಸ್ ಕಾಯುತ್ತಿದ್ದ. ಔಟಾಗುವುದು ಜಾಸ್ತಿ, ಸಂಬಳವೂ ಜಾಸ್ತಿ ಎಂದು 2023ರ ನವೆಂಬರಿನಲ್ಲಿ ಅರಿಜೋನಾಗೆ ಸಾಗಹಾಕಿದರು. ಅಲ್ಲಿ ಅವನು ಮನಸಾರೆ ಹೊಡೆಯತೊಡಗಿದ. 2025ರ ಜುಲೈ ಕೊನೆಗೆ ನಮ್ಮವರೇ ಕೈಯಲ್ಲಿದ್ದ ಎಳೆಯರನ್ನು ಕೊಟ್ಟು ಅವನನ್ನು ವಾಪಸು ತಂದರು. ನಾನು ಪೇರೋಲ್, ಒಪ್ಪಂದ, ಸ್ಟ್ರೈಕ್‌ಔಟ್ ಪ್ರಮಾಣ ಎಲ್ಲ ವಿವರಿಸಿದೆ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡು ಕೇಳಿದ್ದು ಇಷ್ಟೇ:

‘ಅಲ್ಲ, ಕರ್ಕೊಂಡ್ ಬರೋರು ಕಳಿಸಿದ್ಯಾಕೆ? ಕಳಿಸಿದೋರು ಕರ್ಕೊಂಡ್ ಬಂದಿದ್ಯಾಕೆ? ನಿಮ್ ತಂಡದಲ್ಲಿ ಹಿರೀರು ಅಂತ ಯಾರೂ ಇಲ್ವಾ?’

ಇದ್ದಾರೆ. ಜೆರ್ರಿ ಡಿಪೋಟೊ ಎಂಬವರು ತಂಡ ಕಟ್ಟುವ ಜವಾಬ್ದಾರಿ ಹೊತ್ತವರು. 2023ರಲ್ಲಿ ನಾವು ಒಂದೇ ಒಂದು ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿಸಿಕೊಂಡಾಗ ಅವರು ಪತ್ರಕರ್ತರ ಮುಂದೆ ಕೂತು, ಹತ್ತು ವರ್ಷ ಸತತ ಶೇಕಡ 54ರಷ್ಟು ಗೆಲ್ಲುತ್ತ ಹೋದರೆ ವರ್ಲ್ಡ್ ಸೀರೀಸ್ ತಾನಾಗಿಯೇ ಸಿಗುತ್ತದೆ ಎಂಬರ್ಥದ ಲೆಕ್ಕ ಹೇಳಿದರು. ಆ ವರ್ಷ ನಾವು ಗೆದ್ದದ್ದು 162ರಲ್ಲಿ 88. ಭಾಗಿಸಿ ನೋಡಿ, ಶೇಕಡ 54. ಸಿಯಾಟಲಿಗೆ ಸಿಯಾಟಲೇ ಹೊತ್ತಿ ಉರಿಯಿತು. ಅವರು ಆಮೇಲೆ ಕ್ಷಮೆಯನ್ನೂ ಕೇಳಿದರು. ನಮ್ಮ ಕಡೆ ಎಸ್ಸೆಸ್ಸೆಲ್ಸಿಯಲ್ಲಿ 54 ತಂದ ಮಗನ ಅಪ್ಪ ಫಲಿತಾಂಶದ ದಿನ ಹಿಂದಿನ ಬಾಗಿಲಿನಿಂದ ಓಡಾಡುತ್ತಾನೆ. ಇವರು ಮುಂದಿನ ಬಾಗಿಲಲ್ಲೇ ಕೂತು, ಮಗ ಹೀಗೇ ಸೆಕೆಂಡ್ ಕ್ಲಾಸ್ ತರುತ್ತಿದ್ದರೆ ಒಂದು ದಿನ ರ‍್ಯಾಂಕ್ ಬಂದೇ ಬರುತ್ತದೆ ಎಂದರು. ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಅಭಿಮಾನಿಯ ಎದುರು ಸರಿಯಾದ ಲೆಕ್ಕ ಹೇಳಬಾರದು ಎನ್ನುವುದಷ್ಟೇ ನನ್ನ ಅಭಿಪ್ರಾಯ.

ಲೆಕ್ಕ ಕೈಕೊಟ್ಟ ಕಡೆ ಜನ ಬೇರೆ ದಾರಿ ಹುಡುಕುತ್ತಾರೆ. 2022ರ ಪ್ಲೇಆಫ್‌ನಲ್ಲಿ ಸಿಯಾಟಲಿನವರು ತಂಡಕ್ಕೆ ಅದೃಷ್ಟ ಬರಲೆಂದು ಕಾಲಿನ ಶೂ ಬಿಚ್ಚಿ ತಲೆಯ ಮೇಲಿಟ್ಟುಕೊಂಡು ಕೂತರು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದ ನಾನೂ ಅಕ್ಕಪಕ್ಕ ನೋಡಿ ಒಂದು ಶೂ ಏರಿಸಿದೆ. ಹ್ಯೂಸ್ಟನ್ ವಿರುದ್ಧದ ಆ ಪಂದ್ಯ ಒಂಬತ್ತಕ್ಕೆ ಮುಗಿಯಬೇಕಾದದ್ದು 18 ಇನ್ನಿಂಗ್ಸ್ ಎಳೆಯಿತು. ಆರು ಗಂಟೆ 22 ನಿಮಿಷ ಆಡಿ ನಾವು ಮಾಡಿದ ರನ್ ಸೊನ್ನೆ, ಸೋತದ್ದು 1–0. ತಲೆಯ ಮೇಲಿದ್ದದ್ದು ಶೂ ಎನ್ನುವುದಕ್ಕಿಂತ ಅಷ್ಟು ಹೊತ್ತು ಅದು ಅಲ್ಲೇ ಇತ್ತಲ್ಲ ಎನ್ನುವುದೇ ಕತ್ತಿಗೆ ಭಾರವಾಯಿತು.

2025ರ ಸೆಪ್ಟೆಂಬರಿನಲ್ಲಿ ತಂಡ ಮುಗ್ಗರಿಸುತ್ತಿದ್ದಾಗ ಒಬ್ಬ ಅಭಿಮಾನಿ ಎಟ್ಸಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕಟ್ಟಿ ಮಾಟಗಾತಿಯೊಬ್ಬಳಿಂದ ತಂಡದ ಪರವಾಗಿ ಮಂತ್ರ ಹಾಕಿಸಿದ. ಅದರ ಬೆನ್ನಿಗೇ ತಂಡ ಸತತ 10 ಪಂದ್ಯ ಗೆದ್ದಿತು! ಮೈಕ್ರೋಸಾಫ್ಟ್, ಅಮೆಜಾನ್, ಬೋಯಿಂಗ್ ಇರುವ ಊರಿನ ಜನ ಸ್ಟೇಡಿಯಮ್ಮಿಗೆ ಮಾಟಗಾತಿಯ ಟೋಪಿ ಹಾಕಿಕೊಂಡು ಬರತೊಡಗಿದರು. ಸುದ್ದಿ ಕೇಳಿ ಅತ್ತೆಗೆ ಬೇಸರವಾಯಿತು. ‘ಅದಕ್ಕೆ ದುಡ್ಡು ಯಾಕೆ ಕೊಡಬೇಕಿತ್ತು? ನಾನಿಲ್ಲೇ ಇದ್ನಲ್ಲ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತಿದ್ದೆ.’ ಒಲೆ ಎಲೆಕ್ಟ್ರಿಕ್, ಹೊಗೆ ಎದ್ದರೆ ಅಲಾರಂ ಹೊಡೆದುಕೊಳ್ಳುತ್ತದೆ ಎಂದು ಹೇಳಿ ತಡೆದೆ.

ಅತ್ತೆಯನ್ನು ಸ್ಟೇಡಿಯಮ್ಮಿಗೂ ಕರೆದುಕೊಂಡು ಹೋದದ್ದಾಯಿತು. ಅಲ್ಲಿ ಮೆಕ್ಸಿಕೊ ಶೈಲಿಯಲ್ಲಿ ನಿಂಬೆಹುಳಿ, ಖಾರದಪುಡಿ ಹಾಕಿ ಹುರಿದ ಮಿಡತೆ ಮಾರುತ್ತಾರೆ. 2017ರಲ್ಲಿ ಶುರುವಾಗಿ ಮೊದಲ ಪಂದ್ಯಗಳಲ್ಲೇ ಖಾಲಿಯಾದ ತಿನಿಸು. ಕೊನೆಗೆ ಪಂದ್ಯಕ್ಕೆ 312 ಪ್ಲೇಟ್ ಮಾತ್ರ ಎಂದು ಮಿತಿ ಹಾಕಿದರು. ಅದು ತಂಡದ ಹಳೆಯ ಕಲಿ ಎಡ್ಗರ್ ಮಾರ್ಟಿನೆಜ್‌ನ ಜೀವಮಾನದ ಬ್ಯಾಟಿಂಗ್ ಸರಾಸರಿ, .312. ಪಕ್ಕದ ಸೀಟಿನ ಹೆಂಗಸು ನಮ್ಮ ಅತ್ತೆಯ ಮುಂದೆ ಪ್ರೀತಿಯಿಂದ ಪ್ಲೇಟ್ ಹಿಡಿದರು. ಅತ್ತೆ ಬಗ್ಗಿ ನೋಡಿದರು. ಕಾಲು, ಮೀಸೆ ಎಲ್ಲ ಇತ್ತು. ‘ಒಪ್ಪತ್ತು ಅಂತ ಹೇಳಿ’ ಎಂದು ನನ್ನ ಕಡೆ ತಿರುಗಿ, ಆಕೆಗೆ ಕೈಮುಗಿದರು.

ಬೇಸಿಗೆಯಿಡೀ ಸೇರಿಸಿಟ್ಟ ಅಭಿಪ್ರಾಯಗಳಿಗೆಲ್ಲ ಪರೀಕ್ಷೆ ಬಂದದ್ದು ಅಕ್ಟೋಬರ್ 20ರಂದು, ನರಕ ಚತುರ್ದಶಿಯ ದಿನ. ಟೊರಾಂಟೊದಲ್ಲಿ ಲೀಗ್ ಫೈನಲ್ಲಿನ ಏಳನೇ ಪಂದ್ಯ. ಮೂರು ದಿನ ಹಿಂದೆ ಐದನೇ ಪಂದ್ಯದಲ್ಲಿ, ಕಳಿಸಿ ಕರೆತಂದಿದ್ದ ಸ್ವಾರೆಜನೇ ಒಂದೇ ಏಟಿಗೆ ನಾಲ್ಕು ರನ್ ತರುವ ಗ್ರ್ಯಾಂಡ್ ಸ್ಲ್ಯಾಮ್ ಬಾರಿಸಿ ಗೆಲ್ಲಿಸಿದ್ದ. ಇದೊಂದು ಗೆದ್ದರೆ ವರ್ಲ್ಡ್ ಸೀರೀಸ್. ಅತ್ತೆ ಜಿಪ್‌ಲಾಕ್ ಕವರಿನ ಮೇಲೆ ಕಜ್ಜಾಯ ತಟ್ಟಿ ಎಣ್ಣೆಗೆ ಬಿಡುತ್ತಿದ್ದರು. ನನ್ನವಳು ಸ್ಮೋಕ್ ಅಲಾರಂ ಕೆಳಗೆ ನಿಂತು ಟವೆಲ್ ಬೀಸುತ್ತಿದ್ದಳು. ಏಳನೇ ಇನ್ನಿಂಗ್ಸಿಗೆ ನಾವು 3–1ರಿಂದ ಮುಂದೆ. ಇನ್ನು ಎಂಟೇ ಔಟ್ ಬೇಕು. ಆದರೆ ಬೇಸ್‌ಗಳ ಮೇಲೆ ಟೊರಾಂಟೊದ ಇಬ್ಬರು, ಬ್ಯಾಟ್ ಹಿಡಿದವನು ಜಾರ್ಜ್ ಸ್ಪ್ರಿಂಗರ್. ಪಿಚರ್ ಬದಲಾಗಬೇಕು. ನಮ್ಮ ಬಳಿಯ ಅತಿ ಗಟ್ಟಿ ಪಿಚರ್, ಪಂದ್ಯದ ಕೊನೆಗೆಂದೇ ಎತ್ತಿಟ್ಟ ಕ್ಲೋಸರ್ ಆಂಡ್ರೆಸ್ ಮುನ್ಯೋಸ್ ಎನ್ನುವುದು ಊರಿಗೇ ಗೊತ್ತು. ‘ಮುನ್ಯೋಸ್! ಮುನ್ಯೋಸ್!’ ಎಂದು ನಾನು ಟಿ.ವಿ.ಗೆ ಕೂಗಿದೆ. ಮ್ಯಾನೇಜರ್ ಡ್ಯಾನ್ ವಿಲ್ಸನ್ ಎಡ್ವರ್ಡ್ ಬಜಾರ್ಡೊನನ್ನು ಕರೆದರು. ಬಜಾರ್ಡೊ ಒಳ್ಳೆಯ ಬೌಲರ್, ಕ್ಷಮಿಸಿ, ಪಿಚರ್. ಇಡೀ ವರ್ಷ ದುಡಿದವನು. ಸ್ಪ್ರಿಂಗರ್ ಚೆಂಡನ್ನು ಎಡ ಮೈದಾನದ ಗೋಡೆಯಾಚೆ ಕಳಿಸಿದ. ಒಂದೇ ಏಟಿಗೆ ಮೂರು ರನ್, 4–3. ಅಲ್ಲಿಗೆ ಮುಗಿಯಿತು. ಮುನ್ಯೋಸ್ ಬಂದ, ಆಮೇಲೆ ಬಂದ.

ಒಲೆ ಆರಿಸಿ ಬಂದ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದ ಮಾತನ್ನು ಇಲ್ಲಿನ ಯಾವ ಪತ್ರಿಕೆಯ ಕ್ರೀಡಾಪುಟವೂ ಅಷ್ಟು ಚೊಕ್ಕವಾಗಿ ಬರೆಯಲಿಲ್ಲ: ‘ಒಳ್ಳೇದನ್ನ ಕಡೇಗೆ ಅಂತ ಎತ್ತಿಟ್ಕೊಂಡ್ರೆ ಹೀಗೇ ಆಗೋದು. ಕಡೆ ಇವತ್ತೇ ಅಂತ ಅವರಿಗೆ ಯಾರೂ ಹೇಳ್ಲಿಲ್ವಾ?’

ನಾನು ಹೇಳಿದ್ದೆ. ಜೋರಾಗಿಯೇ ಹೇಳಿದ್ದೆ. ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಟೊರಾಂಟೊಗೆ ಮುಟ್ಟಲಿಲ್ಲ, ನಮ್ಮ ಪಕ್ಕದ ಮನೆಯವರಿಗೆ ಮಾತ್ರ ಕೇಳಿಸಿತು.

ಚಳಿಗಾಲ ಬಂತು, ಆಟ ನಿಂತಿತು. ಆಟವಿಲ್ಲದಾಗ ಅಭಿಪ್ರಾಯಕ್ಕೆ ಅಡ್ಡಿಯೂ ಇಲ್ಲ. ಸೀಸನ್ ಜೊತೆಗೆ ಸ್ವಾರೆಜನ ಒಪ್ಪಂದವೂ ಮುಗಿದು ಮೂರನೇ ಬೇಸ್ ಖಾಲಿ ಬಿದ್ದಿತು. ಅತ್ತೆ ತಿಪಟೂರಿನಿಂದ ಭಾನುವಾರ ಫೋನ್ ಮಾಡಿದಾಗ ಮಗಳ ಯೋಗಕ್ಷೇಮ ಮುಗಿಸಿ ‘ಅವರಿಗೆ ಕೊಡು’ ಎನ್ನುತ್ತಿದ್ದರು. ನಗುವ ಹುಡುಗನನ್ನು ಬಿಡಬಾರದು ಎಂಬುದು ಅವರ ಪಟ್ಟು. ಎಳೆಯರಿಗೆ ಅವಕಾಶ ಕೊಡಬೇಕು ಎಂಬುದು ನನ್ನದು. ನಡುವೆ ನನಗೊಂದು ಅಂಜಿಕೆ ಕಾಡುತ್ತದೆ. ಆರ್‌ಸಿಬಿ 2025ರಲ್ಲಿ, ಹದಿನೆಂಟನೆಯ ಸೀಸನ್ನಿನಲ್ಲಿ, ಕಪ್ ಗೆದ್ದೇಬಿಟ್ಟಿತು. ಅಂದಿನಿಂದ ತಂಡದ ಆಯ್ಕೆ ಬಗ್ಗೆ ನಾನು ಬಾಯಿ ಬಿಟ್ಟರೆ ಬೆಂಗಳೂರಿನ ಗೆಳೆಯರು ‘ಗೆದ್ದಾಯ್ತಲ್ಲ, ಇನ್ನೇನೋ ನಿಂದು?’ ಎಂದು ಬಾಯಿ ಮುಚ್ಚಿಸುತ್ತಾರೆ. ವರ್ಷಗಟ್ಟಲೆ ದುಡಿದು ಗಳಿಸಿದ ಅಭಿಪ್ರಾಯಗಳೆಲ್ಲ ಒಂದೇ ರಾತ್ರಿಯಲ್ಲಿ ಚಲಾವಣೆ ಕಳೆದುಕೊಂಡವು. ನಾಳೆ ಮ್ಯಾರಿನರ್ಸ್ ಗೆದ್ದರೆ ಇಲ್ಲಿಯೂ ಅದೇ ಗತಿ.

ಹಾಗೆಂದು ಸೋಲಲಿ ಎನ್ನಲಾದೀತೇ? ಗೆಲ್ಲಲಿ, ಧಾರಾಳವಾಗಿ ಗೆಲ್ಲಲಿ. ಒಂದು ಷರತ್ತು: ನಾನು ಹೇಳಿದವನನ್ನು ಮೂರನೇ ಬೇಸಿನಲ್ಲಿ ನಿಲ್ಲಿಸಿಯೇ ಗೆಲ್ಲಬೇಕು. ಅತ್ತೆ ಹೇಳಿದವನನ್ನು ನಿಲ್ಲಿಸಿ ಗೆದ್ದರೆ ಮುಂದಿನ ಬೇಸಿಗೆಯಲ್ಲಿ ಆರು ತಿಂಗಳ ವೀಸಾ ಹಿಡಿದು ಬರುವವರ ಎದುರು ನಾನು ಸೋಫಾದ ಯಾವ ಮೂಲೆಯಲ್ಲಿ ಕೂರಬೇಕು, ನೀವೇ ಹೇಳಿ.